ಬಿಜೆನ್ ತೊಕ್ಕುರಿ ಬಂತು, ಆದರೆ ಪೆಟ್ಟಿಗೆ ಬೇರೆ ಯಾರದ್ದೋ ಅನ್ನಿಸುತ್ತಿದೆ. ಕಟ್ಟಿಗೆ ಬೆಂಕಿಯ ಜಪಾನಿ ಪಾತ್ರೆ ಕೂಡಿಡುವವರು ಇಲ್ಲಿ ಇದ್ದೀರಾ?

ಮಲ್ಲೇಶ್ವರದ_ಮಣ್ಣು

ಎಲ್ಲರಿಗೂ ನಮಸ್ಕಾರ. ನನಗೆ ಈ ಹುಚ್ಚು ಹಿಡಿದು ಎರಡು ವರ್ಷ ಆಯಿತು. ಕೆಲಸದ ಮೇಲೆ ಒಸಾಕಾಗೆ ಹೋಗಿದ್ದಾಗ ಒಂದು ಸಣ್ಣ ಅಂಗಡಿಯಲ್ಲಿ ಕಂದು ಬಣ್ಣದ ಲೋಟ ಕೈಗೆತ್ತಿಕೊಂಡೆ. ಮೆರುಗಿಲ್ಲ, ಚಿತ್ರ ಇಲ್ಲ. ಒಂದು ಪಕ್ಕಕ್ಕೆ ಮಾತ್ರ ಎಳ್ಳು ಚೆಲ್ಲಿದ ಹಾಗೆ ಹಳದಿ ಚುಕ್ಕೆ. ಅಂಗಡಿಯ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬೆಂಕಿ ಈ ಕಡೆಯಿಂದ ಬಂತು, ಆ ಕಡೆಗೆ ಹೋಯಿತು ಅಂತ ಕೈಯಲ್ಲೇ ತೋರಿಸಿದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಈಗ ಮನೆಯಲ್ಲಿ ಏಳು ಇವೆ. ಎಲ್ಲವೂ ಸಣ್ಣವೇ. ಹೆಚ್ಚಿನವು ಗುಯಿನೊಮಿ, ಅಂದರೆ ಸಾಕೆ ಅನ್ನುವ ಅಕ್ಕಿ ಮದ್ಯ ಕುಡಿಯುವ ಪುಟ್ಟ ಬಟ್ಟಲು. ಎಂಟನೆಯದು ಮೊನ್ನೆ ಬಂತು. ಅದು ಜಪಾನಿನ ಬಿಜೆನ್ ಕಡೆಯ ತೊಕ್ಕುರಿ, ಸಾಕೆ ಬಗ್ಗಿಸುವ ಸಣ್ಣ ಹೂಜಿ. ಒಂದು ಹರಾಜು ತಾಣದಲ್ಲಿ ದಲ್ಲಾಳಿ ಸೇವೆಯ ಮೂಲಕ ಕೂಗಿ 9,500 ಯೆನ್‌ಗೆ ತಗೊಂಡೆ. ಸಾಗಾಟ, ದಲ್ಲಾಳಿ, ಸುಂಕ ಎಲ್ಲ ಸೇರಿ ಹತ್ತಿರ ಹತ್ತಿರ ಎರಡು ಪಟ್ಟಾಯಿತು ಅನ್ನುವುದು ಬೇರೆ ವಿಷಯ.

ಮೂರು ಅನುಮಾನ ಇದೆ. ಒಂದು, ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಕುಂಚದಲ್ಲಿ ಬರೆದ ಹೆಸರಿಗೂ ಪಾತ್ರೆಯ ತಳದಲ್ಲಿ ಗೀರಿದ ಗುರುತಿಗೂ ಹೊಂದುತ್ತಿಲ್ಲ. ಪಾತ್ರೆ ಪೆಟ್ಟಿಗೆಯೊಳಗೆ ಅಲ್ಲಾಡುತ್ತದೆ, ಸುತ್ತ ಎರಡು ಬೆರಳು ಜಾಗ ಇದೆ. ಎರಡು, ರಾತ್ರಿ ನೀರು ತುಂಬಿಟ್ಟರೆ ಬೆಳಿಗ್ಗೆ ಮೇಜಿನ ಮೇಲೆ ಒದ್ದೆ ಉಂಗುರ. ಮೂರು, ಇದು ನಿಜಕ್ಕೂ ಕಟ್ಟಿಗೆಯಲ್ಲಿ ಸುಟ್ಟಿದ್ದಾ ಅಥವಾ ಯಾಮಾರಿದೆನಾ?

ಲೆಕ್ಕದ_ರಾಯ

ಬಣ್ಣ ಇಲ್ಲ, ನೀರು ಸೋರುತ್ತದೆ, ಪೆಟ್ಟಿಗೆ ಪಕ್ಕದ ಮನೆಯವರದ್ದು. ಇದಕ್ಕೆ ಎಷ್ಟು ಕೊಟ್ಟೆ ಅಂದಿರಿ?

ಮಲ್ಲೇಶ್ವರದ_ಮಣ್ಣು

ಸಾರ್, ಗಾಯದ ಮೇಲೆ ಉಪ್ಪು ಹಾಕಬೇಡಿ.

ಇಂಬೆ_ದಾರಿ

ನಾನು ಒಕಾಯಾಮಾದಲ್ಲಿದ್ದೇನೆ, ಹನ್ನೊಂದು ವರ್ಷ ಆಯಿತು. ಬಿಜೆನ್ ಪಾತ್ರೆಗಳ ಊರು ಇಂಬೆ ಇಲ್ಲಿಂದ ಆಕೋ ಲೈನಿನ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಸಿಗುತ್ತದೆ. ರಜೆ ಸಿಕ್ಕರೆ ಹೋಗಿ ಸುತ್ತಾಡಿ ಬರುತ್ತೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಪೆಟ್ಟಿಗೆ. ಪಾತ್ರೆ ಮಾಡಿದವರೇ ಬರೆದು, ಸಹಿ ಮಾಡಿ, ಕೆಂಪು ಮುದ್ರೆ ಒತ್ತಿ ಕೊಟ್ಟ ಪೆಟ್ಟಿಗೆಗೆ ತೊಮೊಬಾಕೊ ಅನ್ನುತ್ತಾರೆ. ಕಿರಿ ಅನ್ನುವ ಹಗುರ ಮರದಲ್ಲಿ ಮಾಡುತ್ತಾರೆ. ಪಾತ್ರೆಯ ಅಳತೆಗೆ ಸರಿಯಾಗಿ ಮಾಡಿಸಿರುತ್ತಾರೆ, ಎರಡು ಬೆರಳು ಜಾಗ ಉಳಿಯುವುದಿಲ್ಲ. ಮಾಡಿದವರು ತೀರಿಹೋಗಿದ್ದರೆ ಮಗನೋ ಮೊಮ್ಮಗನೋ ನೋಡಿ "ಹೌದು, ನಮ್ಮ ತಂದೆಯವರದ್ದೇ" ಅಂತ ಬರೆದು ಕೊಡುವುದೂ ಉಂಟು, ಅದರ ಹೆಸರು ಬೇರೆ. ಇನ್ನೊಂದು ಜಾತಿ ಇದೆ, ಅವಾಸೆಬಾಕೊ. ಎಲ್ಲಿಂದಲೋ ಸಿಕ್ಕ ಪೆಟ್ಟಿಗೆಗೆ ಎಲ್ಲಿಂದಲೋ ಸಿಕ್ಕ ಪಾತ್ರೆ ಕೂರಿಸಿದ್ದು. ದೇವಸ್ಥಾನದ ಬಾಗಿಲಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದ ಹಾಗೆ. ನಿಮ್ಮದು ಅದೇ ಇರಬೇಕು.

ಆದರೆ ಪೆಟ್ಟಿಗೆ ಸುಳ್ಳಾದರೆ ಪಾತ್ರೆಯೂ ಸುಳ್ಳು ಅಂತ ಅಲ್ಲ. ಫೋಟೊ ಹಾಕಿ. ಮುಂದೆ, ಹಿಂದೆ, ಎರಡು ಪಕ್ಕ, ತಳ. ಬಾಯೊಳಗಿನದು ಮರೆಯಬೇಡಿ. ಫ್ಲ್ಯಾಷ್ ಬೇಡ, ಕಿಟಕಿ ಬೆಳಕು ಸಾಕು. ಹಾಗೇ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ, ಸದ್ದು ಹೇಗಿದೆ ಹೇಳಿ.

ಮಲ್ಲೇಶ್ವರದ_ಮಣ್ಣು

ತುಂಬಾ ಥ್ಯಾಂಕ್ಸ್ ಸಾರ್. ಆರು ಫೋಟೊ ಹಾಕಿದ್ದೇನೆ. ತಟ್ಟಿದರೆ ಟಣ್ ಅನ್ನುತ್ತದೆ, ಪೂಜೆ ಗಂಟೆಯ ಸಣ್ಣ ತಮ್ಮ ಇದ್ದ ಹಾಗೆ.

ಇಂಬೆ_ದಾರಿ

ಸಾರ್ ಅಲ್ಲಪ್ಪ, ಮೇಡಂ. ಅಕ್ಕ ಅಂದರೂ ನಡೆಯುತ್ತದೆ.

ಟಣ್ ಅಂದರೆ ಸೀಳು ಬಿಟ್ಟಿಲ್ಲ. ಸೀಳು ಇದ್ದರೆ ಬೊದ್ ಅನ್ನುತ್ತದೆ. ಒಂದು ಭಯ ಕಳೆಯಿತು.

ಈಗ ಎರಡನೇ ಫೋಟೊ ನೋಡಿ. ಭುಜದ ಮೇಲೆ ಹಳದಿ ಬೂದಿ ಒಂದು ಕಡೆ ಮಾತ್ರ ದಪ್ಪಗೆ ಕೂತಿದೆ. ಮೇಲೆ ಕರಗಿ ಹಸಿರಾಗಿದೆ, ಕೆಳಗೆ ಬರುತ್ತಾ ಒಂದು ಹನಿ ಇಳಿದು ನಡುವೆಯೇ ನಿಂತಿದೆ. ಮೂರನೇ ಫೋಟೊ ಅದರ ಬೆನ್ನು. ಅಲ್ಲಿ ಬೂದಿಯೇ ಇಲ್ಲ, ಬರೀ ಇಟ್ಟಿಗೆ ಕೆಂಪು. ಹೊಟ್ಟೆಯ ಕೆಳಗೆ, ಬೂದಿ ಬೀಳಲು ಆಗದ ಜಾಗದಲ್ಲಿ ಕೂಡ ಇಲ್ಲ. ಬಾಯೊಳಗೆ ನೋಡಿ, ಬೂದಿಯ ಎದುರು ಗೋಡೆಗೆ ನಾಲ್ಕೈದು ಚುಕ್ಕೆ ಸಿಡಿದಿವೆ. ಬೆಂಕಿ ಒಂದು ಕಡೆಯಿಂದ ಬೂದಿ ಹೊತ್ತು ಬಂದು, ಬಾಯಿಯ ಅಂಚು ದಾಟಿ, ಒಳಗಿನ ಎದುರು ಗೋಡೆಗೆ ಹೊಡೆದಿದೆ. ಗ್ಯಾಸ್ ಒಲೆಯಲ್ಲಿ ಸುಡುವವರು ಬೂದಿ ನೀರನ್ನು ಸ್ಪ್ರೇ ಮಾಡುತ್ತಾರೆ. ಅದು ಸುತ್ತಲೂ ಒಂದೇ ಸಮ ಕೂರುತ್ತದೆ, ಹೊಟ್ಟೆಯ ಕೆಳಗೂ ಕೂರುತ್ತದೆ. ಇಂಥ ಚುಕ್ಕೆ ಹಾಕುವಷ್ಟು ತಾಳ್ಮೆ ಯಾವ ಸ್ಪ್ರೇಗೂ ಇಲ್ಲ.

ನನ್ನ ಮಟ್ಟಿಗೆ ಇದು ಕಟ್ಟಿಗೆಯಲ್ಲೇ ಸುಟ್ಟಿದ್ದು. ಯಾರು ಮಾಡಿದ್ದು ಅಂತ ಫೋಟೊದಲ್ಲಿ ಹೇಳಲಾರೆ. ತಳದಲ್ಲಿ ಗೀರಿದ ಗುರುತು ಹಳೆ ಪದ್ಧತಿ. ಎದೊ ಕಾಲದಲ್ಲಿ (1603–1868) ಇಂಬೆಯಲ್ಲಿ ಊರಿಗೇ ಸೇರಿದ ದೊಡ್ಡ ಒಲೆಗಳಿದ್ದವು. ದಕ್ಷಿಣದ ದೊಡ್ಡ ಒಲೆ 50 ಮೀಟರ್‌ಗೂ ಉದ್ದ, ಅದರ ಅವಶೇಷ ಈಗಲೂ ನೋಡಬಹುದು. ಹತ್ತಾರು ಮನೆಯವರ ಪಾತ್ರೆ ಒಟ್ಟಿಗೇ ಬೇಯುತ್ತಿದ್ದರಿಂದ ತಂತಮ್ಮದು ಗುರುತಿಸಲು ಗೀರು ಹಾಕುತ್ತಿದ್ದರು.

ತಿಗರಿ_ಮನೆ

ನಾವು ಖಾನಾಪುರದ ಕಡೆಯವರು. ಕುಂಬಾರರ ಮನೆ. ಅಜ್ಜ ತಿಗರಿ ತಿರುಗಿಸಿದವರು, ಅಪ್ಪ ಸ್ವಲ್ಪ ದಿನ, ನಾನು ಬ್ಯಾಂಕು. ಆದರೂ ಮಣ್ಣಿನ ಮಾತು ಬಂದರೆ ಸುಮ್ಮನೆ ಇರಲು ಆಗುವುದಿಲ್ಲ.

ಮೇಡಂ ಹೇಳಿದ ಆ ಗುರುತು ನಮ್ಮಲ್ಲೂ ಇತ್ತು ನೋಡ್ರಿ. ಎರಡು ಮನೆಯವರು ಒಂದೇ ಆವಿಗೆ ಹಾಕಿದರೆ ಒಬ್ಬರು ಕಂಠದ ಹತ್ತಿರ ಉಗುರು ಒತ್ತುತ್ತಿದ್ದರು. ಅಜ್ಜ ಗಡಿಗೆ ಕೊಡುವ ಮುಂಚೆ ತಟ್ಟಿ ಕೇಳಿಸಿಯೇ ಕೊಡುತ್ತಿದ್ದರು. ನಮ್ಮದು ಟಣ್ ಅಲ್ಲ, ಟೊಂಯ್ ಅನ್ನುತ್ತಿತ್ತು. ಹುಲ್ಲು, ಕುಳ್ಳು ಹಾಕಿ ಮುಚ್ಚಿ ಸುಟ್ಟರೆ ಒಂದು ರಾತ್ರಿ ಕಳೆಯುವಷ್ಟರಲ್ಲಿ ಬೆಂಕಿ ಆರುತ್ತಿತ್ತು.

ಅಲ್ಲಿ ಎಷ್ಟು ಹೊತ್ತು ಸುಡುತ್ತಾರೆ?

ಇಂಬೆ_ದಾರಿ

ಹೊತ್ತಲ್ಲ, ದಿನ. ಬಿಜೆನ್‌ನಲ್ಲಿ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ. ಹಗಲು ರಾತ್ರಿ ಪಾಳಿ ಮೇಲೆ ಕೂತು ಕೆಂಪು ಪೈನ್ ಸೌದೆ ಹಾಕುತ್ತಾರೆ. ವರ್ಷಕ್ಕೆ ಒಂದೋ ಎರಡೋ ಸಲ.

ಇಷ್ಟು ನಿಧಾನ ಯಾಕೆ ಅಂದರೆ ಮಣ್ಣು ಹಾಗಿದೆ. ಗದ್ದೆಯ ಅಡಿಯಿಂದ ಅಗೆದು ತೆಗೆಯುವ ಹಿಯೊಸೆ ಅನ್ನುವ ಕಪ್ಪು ಜೇಡಿ. ನುಣುಪು, ಅಂಟು, ಕಬ್ಬಿಣದ ಅಂಶ ಜಾಸ್ತಿ. ಒಣಗುವಾಗ ಸುಡುವಾಗ ತುಂಬಾ ಕುಗ್ಗುತ್ತದೆ. ಗಡಿಬಿಡಿಯಲ್ಲಿ ಬಿಸಿ ಏರಿಸಿದರೆ ಸೀಳುತ್ತದೆ. ಹಾಗಾಗಿ ಮೆಲ್ಲಗೆ ಏರಿಸಿ 1200 ಡಿಗ್ರಿಯ ಆಚೆಗೆ ಒಯ್ಯುತ್ತಾರೆ. ಈ ಮಣ್ಣಿಗೆ ಮೆರುಗು, ಅಂದರೆ ಗಾಜಿನಂಥ ಲೇಪ, ಸರಿಯಾಗಿ ಹಿಡಿಯುವುದೂ ಇಲ್ಲ. ಹೊರಗಿಂದ ಬಣ್ಣ ಹಚ್ಚಲು ಆಗದೆ ಇದ್ದದ್ದನ್ನು ಬೆಂಕಿಯಿಂದಲೇ ಮಾಡಿಸಿಕೊಂಡರು.

ಪೈನ್ ಬೂದಿ ಹಾರಿ ಬಂದು ಭುಜದ ಮೇಲೆ ಕೂತು ಕರಗಿದರೆ ಗೊಮ, ಅಂದರೆ ಎಳ್ಳು. ಬಟ್ಟಲಿನ ಮೇಲೆ ಇನ್ನೊಂದು ಸಣ್ಣ ಪಾತ್ರೆಯನ್ನೋ ಮಣ್ಣಿನ ಬಿಲ್ಲೆಯನ್ನೋ ಇಟ್ಟು ಸುಟ್ಟರೆ ಅದರ ಅಡಿ ಮಾತ್ರ ಕೆಂಪು ದುಂಡು ಉಳಿಯುತ್ತದೆ. ಅದಕ್ಕೆ ಬೊತಮೊಚಿ ಅನ್ನುವ ಸಿಹಿ ಉಂಡೆಯ ಹೆಸರು. ಒಲೆಯ ಪಕ್ಕದ ಕೆಂಡದಲ್ಲಿ ಹೂತುಹೋದದ್ದು ಬೂದು ನೀಲಿಗೆ ತಿರುಗುತ್ತದೆ, ಸಂಗಿರಿ. ಒಂದು ಒಲೆಯಲ್ಲಿ ಅಂಥ ಜಾಗ ಸ್ವಲ್ಪವೇ ಇರುತ್ತದೆ, ಅದಕ್ಕೇ ಬೆಲೆ ಏರುತ್ತದೆ.

ನನಗೆ ತುಂಬಾ ಇಷ್ಟ ಹಿದಸುಕಿ. ಪಾತ್ರೆ ಒಂದಕ್ಕೊಂದು ಅಂಟದಿರಲಿ ಅಂತ ನಡುವೆ ಭತ್ತದ ಹುಲ್ಲು ಸುತ್ತಿ ಇಡುತ್ತಿದ್ದರು. ಹುಲ್ಲಿನಲ್ಲಿರುವ ಪೊಟ್ಯಾಸಿಯಂ ಮಣ್ಣಿನ ಜೊತೆ ಸೇರಿ ಹುಲ್ಲು ತಾಗಿದಲ್ಲೆಲ್ಲ ಕೆಂಪು ಗೆರೆ ಮೂಡುತ್ತದೆ. ಹುಲ್ಲು ಹೋಯಿತು, ಗೆರೆ ಉಳಿಯಿತು. ನನ್ನ ತಟ್ಟೆಯೊಂದರಲ್ಲಿ ಒಂದು ಎಳೆ ಎರಡಾಗಿ ಸೀಳಿದ್ದು ಕೂಡ ಕಾಣುತ್ತದೆ. ಒಂದು ಎಚ್ಚರಿಕೆ: ಹಿದಸುಕಿಯನ್ನು ಈಗ ಕರೆಂಟ್ ಒಲೆಯಲ್ಲೂ ಮಾಡುತ್ತಾರೆ. ಅದು ಮೋಸ ಅಲ್ಲ. ಆದರೆ ಕಟ್ಟಿಗೆ ಒಲೆಯ ಬೆಲೆ ಕೇಳಿದರೆ ಮೋಸ.

ಲೆಕ್ಕದ_ರಾಯ

ಸರಿ, ಬೆಂಕಿ ಕಥೆ ಚೆನ್ನಾಗಿದೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಖಾನಾಪುರದ ಅಜ್ಜನ ಗಡಿಗೆಗೆ ಜನ ಹತ್ತು ರೂಪಾಯಿ ಚೌಕಾಸಿ ಮಾಡುತ್ತಾರೆ. ಜಪಾನಿ ಅಜ್ಜನ ಲೋಟಕ್ಕೆ ಹರಾಜು ಕೂಗುತ್ತಾರೆ. ವಿದೇಶದ್ದು ಅಂದರೆ ಬಾಯಿ ಬಿಡುವ ನಮ್ಮ ಹಳೇ ರೋಗ ಇದು ಅಲ್ವಾ?

ತಿಗರಿ_ಮನೆ

ನಾನು ಕೇಳಬೇಕಾದದ್ದನ್ನು ರಾಯರು ಕೇಳಿದರು. ನೋವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಅಜ್ಜ ಹರವಿ ಮಾಡುತ್ತಿದ್ದರು, ಮೂರು ಕೊಡ ನೀರು ಹಿಡಿಯುವಂಥದ್ದು. ಇವತ್ತು ಊರಿಗೆ ಹೋದರೆ ಅವರು ಮಾಡಿದ್ದು ಅಂತ ತೋರಿಸಲು ಒಂದೂ ಇಲ್ಲ. ಒಡೆದವು, ಎಸೆದರು. ಹೆಸರು ಬರೆದ ಪೆಟ್ಟಿಗೆ ಇದ್ದಿದ್ದರೆ ಒಂದಾದರೂ ಉಳಿಯುತ್ತಿತ್ತೇನೋ.

ಸರ್ವೆಕಟ್ಟಿಗೆ

ತಡವಾಗಿ ಬಂದೆ. ನಾನು ಮೈಸೂರಿನಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ, ಕಲಿತದ್ದು ಪಾಂಡಿಚೇರಿ ಕಡೆ.

ರಾಯರೇ, ಜಪಾನಿನಲ್ಲೂ ಇದು ಮೊದಲಿಂದ ಹೀಗಿರಲಿಲ್ಲ. ಬಿಜೆನ್, ಶಿಗರಾಕಿ ಅನ್ನುವ ಊರುಗಳಲ್ಲಿ ಮಾಡುತ್ತಿದ್ದದ್ದು ರೈತರ ಸಾಮಾನು. ಬೀಜದ ಗಡಿಗೆ, ನೀರಿನ ಹಂಡೆ, ಅರೆಯುವ ಬೋಗುಣಿ. 15ನೇ ಶತಮಾನದಲ್ಲಿ ಮುರಾತಾ ಜುಕೋ ಅನ್ನುವ ಚಹಾ ಗುರು ಅಂಥದ್ದನ್ನು ಚಹಾ ಕೋಣೆಗೆ ತಂದವರಲ್ಲಿ ಒಬ್ಬರು. ಅದಕ್ಕೂ ಮುಂಚೆ ದೊಡ್ಡವರ ಮನೆಯಲ್ಲಿ ಚೀನಾದ ನುಣುಪು ಬಟ್ಟಲಿಗೇ ಮರ್ಯಾದೆ. ವಿದೇಶಿ ಮೋಹ ಅಲ್ಲೂ ಇತ್ತು. ತಮಾಷೆ ಅಂದರೆ ಅದೇ ಜುಕೋ ಶಿಷ್ಯನಿಗೆ ಬರೆದ ಪತ್ರದಲ್ಲಿ ಬೈದದ್ದೂ ಇದೆ: ಏನೂ ಪಳಗದ ಹೊಸಬರು ಬಿಜೆನ್, ಶಿಗರಾಕಿ ಪಾತ್ರೆ ಹಿಡಿದುಕೊಂಡು ಎಲ್ಲ ಕಂಡವರ ಹಾಗೆ ಆಡುತ್ತಾರಲ್ಲ, ಇದೆಂಥ ಮಾತು ಅಂತ. ಐನೂರು ವರ್ಷದ ಹಿಂದೆಯೇ ನಮ್ಮಂಥವರಿಗೆ ಬೈದು ಮುಗಿಸಿದ್ದಾರೆ.

ಆಮೇಲೆ ಬಿಜೆನ್ ಬಿದ್ದೇಹೋಗಿತ್ತು. ಮೇಜಿ ಕಾಲದ (1868–1912) ಹೊತ್ತಿಗೆ ಕೊಳವೆ, ಇಟ್ಟಿಗೆ ಮಾಡಿ ಹೊಟ್ಟೆ ಹೊರೆದವರೂ ಇದ್ದರು. ಕಾನೆಶಿಗೆ ತೋಯೊ (1896–1967) ಹಳೇ ಮೊಮೊಯಾಮಾ ಕಾಲದ (16ನೇ ಶತಮಾನದ ಕೊನೆ) ಮಣ್ಣು, ಸುಡುವ ಬಗೆ ಎಲ್ಲ ಹುಡುಕಿ ಮತ್ತೆ ಎಬ್ಬಿಸಿದರು. 1956ರಲ್ಲಿ ಸರ್ಕಾರ ಅವರಿಗೆ ಜೀವಂತ ರಾಷ್ಟ್ರೀಯ ನಿಧಿ ಅನ್ನುವ ಮಾನ್ಯತೆ ಕೊಟ್ಟಿತು. ಅವರ ನಂತರ ಫುಜಿವಾರಾ ಕೇಯ್, ಯಮಾಮೊತೊ ತೋಶು, ಫುಜಿವಾರಾ ಯೂ, 2004ರಲ್ಲಿ ಇಸೆಜಾಕಿ ಜುನ್. ಒಂದು ಸಣ್ಣ ಊರಿಗೆ ಐದು. ಬೆಲೆ ಬಂದದ್ದು ಮಣ್ಣಿನಿಂದ ಮಾತ್ರ ಅಲ್ಲ, ಮಾಡಿದವರ ಹೆಸರನ್ನು ದೇಶ ಬಾಯಲ್ಲಿ ಹೇಳಿದ್ದರಿಂದ. ತಿಗರಿ_ಮನೆಯವರ ಅಜ್ಜನ ಹೆಸರು ನಮ್ಮಲ್ಲಿ ಯಾರು ಕೇಳಿದರು?

ನಮಗೂ ಇದರ ಒಂದು ಎಳೆ ತಾಗಿದೆ. 1971ರಲ್ಲಿ ಪಾಂಡಿಚೇರಿಯಲ್ಲಿ ರೇ ಮೀಕರ್ ಜೊತೆ ಗೋಲ್ಡನ್ ಬ್ರಿಜ್ ಪಾಟರಿ ಶುರು ಮಾಡಿದ ಡೆಬೊರಾ ಸ್ಮಿತ್ ಅನ್ನುವವರು ಬಿಜೆನ್‌ನಲ್ಲಿ ಯಮಾಮೊತೊ ತೋಶು ಅವರ ಹತ್ತಿರ ಕಲಿತು ಬಂದವರು. ಇಂದು ದೇಶದಲ್ಲಿ ಸ್ಟುಡಿಯೋ ಇಟ್ಟಿರುವ ಎಷ್ಟೋ ಜನರ ಗುರುಪರಂಪರೆ ಅಲ್ಲಿಗೆ ಹೋಗಿ ಮುಟ್ಟುತ್ತದೆ. ಅಲ್ಲಿ ಪೈನ್ ಇಲ್ಲ, ಸರ್ವೆ ಮರ ಸುಡುತ್ತಾರೆ. ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ಕಾಪು_ಅಕ್ಕ

ಇಷ್ಟೆಲ್ಲ ಓದಿದೆ. ಆ ಹುಡುಗನ ತೊಕ್ಕುರಿ ಸೋರುತ್ತಿದೆ ಅಂದನಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ ಮಾರಾಯ್ರೆ!

ನಮ್ಮಲ್ಲಿ ಹೊಸ ಮಣ್ಣಿನ ಪಾತ್ರೆ ತಂದರೆ ನೇರ ಮೀನು ಸಾರು ಮಾಡುವುದಿಲ್ಲ. ನೀರಲ್ಲಿ ಮುಳುಗಿಸಿ, ಆಮೇಲೆ ಗಂಜಿ ತೆಳಿ ಹಾಕಿ ಕುದಿಸಿ, ಆರಿಸಿ, ಮತ್ತೆ ಕುದಿಸಿ ಪಳಗಿಸುತ್ತೇವೆ. ಗಂಜಿ ಸಣ್ಣ ಸಣ್ಣ ತೂತಲ್ಲಿ ಕೂತು ಮುಚ್ಚುತ್ತದೆ. ಜಪಾನಿನವರೂ ಅನ್ನ ಉಣ್ಣುವವರೇ ತಾನೇ, ಅವರಿಗೆ ಇದು ಗೊತ್ತಿಲ್ಲದೆ ಇರುತ್ತದಾ?

ಇಂಬೆ_ದಾರಿ

ಅಕ್ಕ, ಕೈ ಮುಗಿದೆ. ಇಲ್ಲೂ ಅದನ್ನೇ ಮಾಡುತ್ತಾರೆ. ಅಕ್ಕಚ್ಚು ಇಲ್ಲವೇ ತೆಳು ಗಂಜಿಯಲ್ಲಿ ಕುದಿಸುವುದು. ಇಗಾದ ಅಡುಗೆ ಮಡಕೆ ತಂದರೆ ಮೊದಲು ಅದರಲ್ಲಿ ಗಂಜಿಯೇ ಬೇಯಿಸಬೇಕು. ಇಗಾ, ಶಿಗರಾಕಿ ಮಣ್ಣು ಹಳೇ ಬಿವಾ ಸರೋವರದ ತಳದ್ದು, ಉರುಟು, ರಂಧ್ರ ಜಾಸ್ತಿ. ಅವು ಬೆವರುವುದು ಸಾಮಾನ್ಯ. ಬಿಜೆನ್ ಗಟ್ಟಿ, ಅಷ್ಟಾಗಿ ಬೆವರಬಾರದು. ನಿಮ್ಮದರಲ್ಲಿ ಬೆನ್ನಿನ ಕಡೆ ಬೆಂಕಿ ಸಾಕಾಗಿಲ್ಲ ಅಂತ ಕಾಣುತ್ತದೆ, ಅಲ್ಲಿಂದಲೇ ಬೆವರುತ್ತಿರಬೇಕು. ಒಂದು ಪೇಪರ್ ನ್ಯಾಪ್ಕಿನ್ ಸುತ್ತಿ ನೋಡಿ, ಯಾವ ಕಡೆ ಮೊದಲು ಒದ್ದೆ ಆಗುತ್ತದೆ ಅಂತ ಗೊತ್ತಾಗುತ್ತದೆ.

ಹೀಗೆ ಮಾಡಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ. ದಪ್ಪ ಅಕ್ಕಚ್ಚು ಹಾಕಿ, ತಣ್ಣಗಿರುವಾಗಲೇ ತೊಕ್ಕುರಿ ಮುಳುಗಿಸಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ಅದೇ ನೀರಲ್ಲಿ ತಾನಾಗೇ ಆರಲಿ, ಬಿಸಿ ಇರುವಾಗ ಹೊರಗೆ ತೆಗೆಯಬೇಡಿ. ಆಮೇಲೆ ತೊಳೆದು ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ. ಕೈಗೆ ಒಣಗಿದ ಹಾಗೆ ಕಂಡರೂ ಒಳಗೆ ನೀರಿರುತ್ತದೆ. ಒದ್ದೆ ಇರುವಾಗ ಪೆಟ್ಟಿಗೆಗೆ ಹಾಕಿದರೆ ಬೂಸು ಖಂಡಿತ. ನಾನು ಒಂದು ಶಿಗರಾಕಿ ಹೂದಾನಿಯನ್ನು ಹೀಗೇ ಹಾಳು ಮಾಡಿಕೊಂಡಿದ್ದೇನೆ. ಬೂಸಿನ ವಾಸನೆ ಎರಡು ಬೇಸಿಗೆ ಹೋಗಲಿಲ್ಲ.

ತುಂಬಾ ಹಳೆಯದು, ಬೆಲೆ ಬಾಳುವುದು ಆದರೆ ಮಾತ್ರ ಇದನ್ನೆಲ್ಲ ಮನೆಯಲ್ಲಿ ಮಾಡಬೇಡಿ. ನಿಮ್ಮದು ಆ ಸಾಲಿನದಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮಲ್ಲೇಶ್ವರದ_ಮಣ್ಣು

ಬೇಜಾರಿಲ್ಲ ಅಕ್ಕ. ನ್ಯಾಪ್ಕಿನ್ ಸುತ್ತಿದೆ. ನೀವು ಹೇಳಿದ ಹಾಗೇ ಬೆನ್ನಿನ ಕಡೆ ಮೊದಲು ಒದ್ದೆಯಾಯಿತು. ಬೂದಿ ಕೂತ ಕಡೆ ಬೆಳಗಿನವರೆಗೂ ಒಣಗಿಯೇ ಇತ್ತು. ಬರೀ ಅಂದಕ್ಕೆ ಅಂದುಕೊಂಡಿದ್ದೆ, ಆ ಬೂದಿ ಗಾಜಿನ ಹಾಗೆ ನೀರನ್ನೂ ತಡೆಯುತ್ತಿದೆ.

ಈಗ ಬೇರೆ ಪ್ರಶ್ನೆ. ಇನ್ನು ಮುಂದೆ ತಗೊಳ್ಳುವಾಗ ಪೆಟ್ಟಿಗೆ ನಂಬುವುದಾ, ಪಾತ್ರೆ ನಂಬುವುದಾ?

ಸರ್ವೆಕಟ್ಟಿಗೆ

ಪಾತ್ರೆ. ಅದೂ ಪೂರ್ತಿ ಅಲ್ಲ. ಒಂದು ಕಥೆ ಹೇಳುತ್ತೇನೆ.

1959ರಲ್ಲಿ ಜಪಾನ್ ಸರ್ಕಾರ ಸೆತೊ ಅನ್ನುವ ಊರಿನ ಒಂದು ಹಳೇ ಹೂಜಿಯನ್ನು ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿತು. ಅದರ ಮೇಲೆ ಐನಿನ್ 2, ಅಂದರೆ 1294ನೇ ಇಸವಿ ಅಂತ ಕೊರೆದಿತ್ತು. ಅದನ್ನು ಮುಂದೆ ನಿಂತು ಒಪ್ಪಿದವರು ಕೊಯಾಮಾ ಫುಜಿಯೊ, ಆ ಕಾಲದ ದೊಡ್ಡ ವಿದ್ವಾಂಸರು. ಬಿಜೆನ್, ಶಿಗರಾಕಿ, ತಾಂಬಾ, ಎಚಿಜೆನ್, ತೊಕೊನಾಮೆ, ಸೆತೊ ಇವನ್ನು ಒಟ್ಟಿಗೆ 'ಆರು ಹಳೇ ಒಲೆಗಳು' ಅಂತ ಕರೆದು ಆ ಹೆಸರು ನಿಲ್ಲಿಸಿದವರು ಅವರೇ. ಸ್ವಲ್ಪ ದಿನಕ್ಕೆ ಅನುಮಾನ ಎದ್ದಿತು. ಎಕ್ಸ್‌ರೇಯಲ್ಲಿ ಮೆರುಗು ಪರೀಕ್ಷಿಸಿದರೆ ಹಳೇ ಪಾತ್ರೆಗಳ ಜೊತೆ ಹೊಂದಲಿಲ್ಲ. ಕಾತೊ ತೋಕುರೊ ಅನ್ನುವ ಹೆಸರಾಂತ ಕುಂಬಾರ "ಅದು ನಾನೇ ಮಾಡಿದ್ದು" ಅಂದುಬಿಟ್ಟರು. 1961ರಲ್ಲಿ ಮಾನ್ಯತೆ ವಾಪಸ್ ತಗೊಂಡರು. ಕೊಯಾಮಾ ರಾಜೀನಾಮೆ ಕೊಟ್ಟರು.

ಈ ಕಥೆಯಲ್ಲಿ ನನಗೆ ಹಿಡಿಸುವುದು ಇನ್ನೊಂದು ಭಾಗ. ಹುದ್ದೆ ಬಿಟ್ಟ ಮೇಲೆ ಕೊಯಾಮಾ ತಾವೇ ಮಣ್ಣಿಗೆ ಕೈ ಹಾಕಿ ಪಾತ್ರೆ ಮಾಡುತ್ತಾ ಕೂತರು. ಅವರು ಮಾಡಿದ ಗುಯಿನೊಮಿಗಳನ್ನು ಈಗ ಜನ ಹುಡುಕಿ ಹುಡುಕಿ ಕೊಳ್ಳುತ್ತಾರೆ.

ಅಷ್ಟು ದೊಡ್ಡವರೇ ಎಡವಿದರು. ನಾವು ಫೋಟೊ ನೋಡಿ ಹಳೇ ಬಿಜೆನ್ ಅಂತ ಕೊಳ್ಳಲು ಹೋಗುವುದು ಬೇಡ. ಈಗ ಇರುವ, ಈಗ ಸುಡುತ್ತಿರುವ ಕುಂಬಾರರ ಹತ್ತಿರ ಕೊಳ್ಳಿ. ಅನುಮಾನ ಬಂದರೆ ಹೋಗಿ ಕೇಳಬಹುದು.

ಇಂಬೆ_ದಾರಿ

ನನ್ನದೂ ಅದೇ ಮಾತು. ಅಕ್ಟೋಬರ್ ಮೂರನೇ ವಾರಾಂತ್ಯ ಇಂಬೆಯಲ್ಲಿ ಬಿಜೆನ್ ಪಾತ್ರೆ ಹಬ್ಬ ಇರುತ್ತದೆ. ರಸ್ತೆ ತುಂಬ ಅಂಗಡಿ, ಬೆಲೆಯೂ ಕಡಿಮೆ. ಮಾಡಿದವರೇ ಕೂತಿರುತ್ತಾರೆ. ಒಂದು ಬಟ್ಟಲು ಎತ್ತಿ "ಇದು ಒಲೆಯಲ್ಲಿ ಎಲ್ಲಿತ್ತು?" ಅಂತ ಕೇಳಿ ನೋಡಿ. ಮುಖ ಅರಳುತ್ತದೆ. ನನಗೆ ಒಬ್ಬರು ಪೆನ್ಸಿಲ್ ತಗೊಂಡು ಒಲೆಯ ಚಿತ್ರ ಬರೆದು, ಅದರಲ್ಲಿ ಒಂದು ಚುಕ್ಕೆ ಇಟ್ಟು ಕೊಟ್ಟರು. ಆ ಚೀಟಿ ಈಗಲೂ ಪೆಟ್ಟಿಗೆಯಲ್ಲಿ ಇದೆ. ಹೆಸರಾದವರ ತೊಮೊಬಾಕೊಗಿಂತ ನನಗೆ ಅದು ಹೆಚ್ಚು.

ಬಂದರೆ ಅಮಾತ್ಸು ದೇವಸ್ಥಾನಕ್ಕೂ ಹೋಗಿ. ಹೆಂಚು, ಗೋಡೆ, ಕಾವಲು ನಾಯಿಗಳು ಎಲ್ಲ ಬಿಜೆನ್ ಮಣ್ಣಿನವು.

ಕಾಪು_ಅಕ್ಕ

ಇಷ್ಟು ಹೊತ್ತು ಬರೀ ಗಂಡಸರ ಹೆಸರೇ ಬಂತು. ಹೆಂಗಸರು ಯಾರೂ ಸುಡುವುದಿಲ್ಲವಾ ಅಲ್ಲಿ?

ಇಂಬೆ_ದಾರಿ

ಒಳ್ಳೇ ಪ್ರಶ್ನೆ ಅಕ್ಕ. ಹಿಂದೆ ಒಲೆ ಹತ್ತಿರ ಹೆಂಗಸರು ಬರಬಾರದು ಅನ್ನುವ ಕಟ್ಟು ಇತ್ತು. ಶಿಗರಾಕಿಯಲ್ಲಿ ಕೋಯಾಮಾ ಕಿಯೊಕೊ ಅಂತ ಇದ್ದರು, 1936ರಲ್ಲಿ ಹುಟ್ಟಿದವರು. ಮೆರುಗು ಹಚ್ಚದೆ, ಬರೀ ಬೂದಿಯ ಹಸಿರಿನಲ್ಲೇ ಪಾತ್ರೆ ಸುಟ್ಟು ಹೆಸರಾದರು. ಅನಗಾಮ ಒಲೆಯಲ್ಲಿ, ಅಂದರೆ ಗುಡ್ಡಕ್ಕೆ ಒರಗಿಸಿ ಕಟ್ಟಿದ ಒಂದೇ ಕೋಣೆಯ ಸುರಂಗದಂಥ ಒಲೆ. ಮಗನೂ ಕುಂಬಾರ. ರಕ್ತದ ಕ್ಯಾನ್ಸರ್ ಆಗಿ 1992ರಲ್ಲಿ ತೀರಿಹೋದ. ಅವನಿಗೆ ಮಜ್ಜೆ ಕೊಡುವವರನ್ನು ಹುಡುಕುತ್ತಾ ಶುರುವಾದ ಓಡಾಟ ಜಪಾನಿನಲ್ಲಿ ಮಜ್ಜೆ ಬ್ಯಾಂಕ್ ಬರಲು ದೊಡ್ಡ ಬೆಂಬಲ ಆಯಿತು. ಕಿಯೊಕೊ 2023ರಲ್ಲಿ ತೀರಿಕೊಂಡರು. ಅವರ ಒಂದು ಹೂಜಿಯನ್ನು ಗಾಜಿನ ಆಚೆಯಿಂದ ನೋಡಿದ್ದೇನೆ. ಶಿಗರಾಕಿ ಮಣ್ಣಿನಲ್ಲಿ ಬಿಳಿ ಕಲ್ಲಿನ ಹರಳು ಇರುತ್ತವೆ, ಬೆಂಕಿಗೆ ಸಿಡಿದು ಮೇಲೆ ಬರುತ್ತವೆ. ಆ ಹರಳಿನ ಮೇಲೆ ಹಸಿರು ಗಾಜು ಇಳಿದು ಸುತ್ತು ಹಾಕಿಕೊಂಡು ಹೋಗಿತ್ತು, ಮಳೆನೀರು ಬಂಡೆ ಬಳಸಿ ಹೋದ ಹಾಗೆ.

ಲೆಕ್ಕದ_ರಾಯ

ಒಂದು ಒಪ್ಪಿಗೆ ಬರೆಯಬೇಕು. ನಿನ್ನೆ ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್ ಕಡೆ ಕೆಲಸ ಇತ್ತು, ಸುಮ್ಮನೆ ಒಳಗೆ ನುಗ್ಗಿದೆ. ಅಲ್ಲಿ ಒಂದು ನೀರಿನ ಹೂಜಿ, ಒಂದು ಪಕ್ಕ ಕಪ್ಪಾಗಿ ಮೋಡ ಕವಿದ ಹಾಗಿತ್ತು. ಅಂಗಡಿಯಾತ "ಅದು ಬೇಡ ಸಾರ್, ಹೊಗೆ ತಾಗಿದೆ, ಬೇರೆ ಕೊಡ್ತೀನಿ" ಅಂದ. ನಾನು ಅದೇ ಬೇಕು ಅಂದೆ. ಅವನು ನನ್ನನ್ನು ನೋಡಿದ ರೀತಿ ಇದೆಯಲ್ಲ. ಚೌಕಾಸಿ ಮಾಡಲಿಲ್ಲ.

ತಿಗರಿ_ಮನೆ

ಹೆಸರು ಕೇಳಿದಿರಾ ರಾಯರೆ?

ಲೆಕ್ಕದ_ರಾಯ

ಕೇಳಲಿಲ್ಲ. ಹೊಳೆಯಲೇ ಇಲ್ಲ. ಶನಿವಾರ ಮತ್ತೆ ಆ ಕಡೆ ಹೋಗುತ್ತೇನೆ, ಕೇಳಿಕೊಂಡು ಬರುತ್ತೇನೆ.

ಸರ್ವೆಕಟ್ಟಿಗೆ

ಮಣ್ಣು ಅವರೇ, ಉಳಿದ ಏಳನ್ನು ಬಳಸುತ್ತೀರಾ ಅಥವಾ ಶೋಕೇಸಾ? ಶೋಕೇಸ್ ಅಂದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬಿಜೆನ್ ಬಟ್ಟಲು ಕೈ ತಾಗಿ ತಾಗಿ ಹೊಳಪು ಬರುವ ಸಾಮಾನು. ತಳ ತರಿತರಿ ಇದ್ದರೆ ಸಣ್ಣ ಉಜ್ಜು ಕಾಗದದಲ್ಲಿ ತಿಕ್ಕಿ, ಮೇಜು ಗೀರುವುದಿಲ್ಲ. ಬಳಸುವ ಮುಂಚೆ ಒಮ್ಮೆ ನೀರಲ್ಲಿ ಅದ್ದಿ ತೆಗೆದರೆ ಬಣ್ಣವೂ ಏಳುತ್ತದೆ, ಕಲೆಯೂ ಹಿಡಿಯುವುದಿಲ್ಲ.

ಮಲ್ಲೇಶ್ವರದ_ಮಣ್ಣು

ಐದು ಬಳಸುತ್ತೇನೆ. ಎರಡು ಶೋಕೇಸ್. ಬೈಯಿರಿ.

ಬಳಸದೆ ಇರುವುದಕ್ಕೆ ಕಾರಣ ಇದೆ. ಹೋದ ವರ್ಷ ಒಂದು ತಾಂಬಾ ಬಟ್ಟಲು ತರಿಸಿದ್ದೆ. ಸಾಗಾಟದವರು ಪೆಟ್ಟಿಗೆಯನ್ನು ಹೇಗೆ ಎಸೆದರೋ, ತೆರೆದರೆ ಮೂರು ಚೂರು. ದಿನಗಟ್ಟಲೆ ಬೆಂಕಿಯಲ್ಲಿ ನಿಂತದ್ದು ನಮ್ಮ ಗೇಟಿನ ಹತ್ತಿರ ಬಂದು ಒಡೆಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆವತ್ತು ಅರ್ಥ ಆಯಿತು. ಪರಿಹಾರ ಕೇಳಿದರೆ "ಮಣ್ಣಿನ ವಸ್ತು ಅಂತ ಬರೆದಿದೆಯಲ್ಲ" ಅಂದರು. ಚೂರುಗಳನ್ನು ಇನ್ನೂ ಎಸೆದಿಲ್ಲ. ಅಂದಿನಿಂದ ಕೈ ಸ್ವಲ್ಪ ಹೆದರುತ್ತದೆ.

ಇಂಬೆ_ದಾರಿ

ಚೂರು ಎಸೆಯಬೇಡಿ. ಉರುಶಿ ಅನ್ನುವ ಮರದ ರಸದಲ್ಲಿ ಅಂಟಿಸುವುದನ್ನು ಕಲಿತವರು ಸಿಕ್ಕಿದರೆ ಮಾಡಿಸಬಹುದು. ಮುಂದಿನ ಸಲ ದಲ್ಲಾಳಿಗೆ ಎರಡು ಪೆಟ್ಟಿಗೆ ಹಾಕಿ, ಮಧ್ಯೆ ನಾಲ್ಕು ಬೆರಳು ಗುಳ್ಳೆ ಹಾಳೆ ತುಂಬಿ ಅಂತ ಬರೆಯಿರಿ. ಸ್ವಲ್ಪ ಹೆಚ್ಚು ತಗೊಳ್ಳುತ್ತಾರೆ, ತಗೊಳ್ಳಲಿ. ತೊಕ್ಕುರಿ, ಹೂದಾನಿಗಳ ಬಾಯೊಳಗೂ ಕಾಗದ ತುರುಕಿಸಿ, ಕತ್ತು ಮುರಿಯುವುದೇ ಜಾಸ್ತಿ.

ಮಲ್ಲೇಶ್ವರದ_ಮಣ್ಣು

ಮೂರು ವಾರದ ನಂತರ ಬರೆಯುತ್ತಿದ್ದೇನೆ, ಕೇಳಿದವರಿಗೆ ವರದಿ ಕೊಡಬೇಕಲ್ಲ.

ಅಕ್ಕಚ್ಚು ಕೆಲಸ ಮಾಡಿತು. ಒಂದು ಸಲಕ್ಕೆ ಅರ್ಧ ನಿಂತಿತು, ಎರಡನೇ ಸಲಕ್ಕೆ ಪೂರ್ತಿ. ನಿನ್ನೆ ರಾತ್ರಿ ತುಂಬಿಟ್ಟೆ, ಬೆಳಿಗ್ಗೆ ಮೇಜು ಒಣಗಿತ್ತು. ಕಾಪು ಅ‍ಕ್ಕನಿಗೆ, ಇಂಬೆ ಅಕ್ಕನಿಗೆ ಇಬ್ಬರಿಗೂ ನಮಸ್ಕಾರ. ಶೋಕೇಸಿನ ಎರಡೂ ಹೊರಗೆ ಬಂದಿವೆ. ಒಂದರಲ್ಲಿ ಅಪ್ಪ ಬೆಳಿಗ್ಗೆ ಕಷಾಯ ಕುಡಿಯುತ್ತಿದ್ದಾರೆ. ಅದರ ಬೊತಮೊಚಿ ನೋಡಿ "ಇದು ಸುಟ್ಟ ರೊಟ್ಟಿ ಹಾಗಿದೆ" ಅಂದರು.

ತೊಕ್ಕುರಿಯನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಯಾರದ್ದೋ ಹೆಸರಿನ ಪೆಟ್ಟಿಗೆಯಲ್ಲಿ ಇಡಲು ಮನಸ್ಸಾಗಲಿಲ್ಲ. ಖಾಲಿ ಪೆಟ್ಟಿಗೆ ಅಡುಗೆಮನೆಯಲ್ಲಿ ಇತ್ತು, ಅಮ್ಮ ಅದರಲ್ಲಿ ಏಲಕ್ಕಿ, ಲವಂಗ, ಚಕ್ಕೆ ತುಂಬಿಬಿಟ್ಟಿದ್ದಾರೆ. ಚೆನ್ನಾಗಿ ಮುಚ್ಚುತ್ತದೆ ಅಂತ ಖುಷಿಯಾಗಿದ್ದಾರೆ.

ಇಂಬೆ_ದಾರಿ

ಅಯ್ಯೋ, ಬೇಗ ತೆಗೆಸಿ! ಕಿರಿ ಮರ ವಾಸನೆ ಹೀರುತ್ತದೆ. ಆ ಪೆಟ್ಟಿಗೆಯ ನಿಜವಾದ ತೊಕ್ಕುರಿ ಎಲ್ಲೋ ಪೆಟ್ಟಿಗೆ ಇಲ್ಲದೆ ಕೂತಿರುತ್ತದೆ. ಯಾರಾದರೂ ಹುಡುಕಿಕೊಂಡು ಬಂದರೆ?

ಮಲ್ಲೇಶ್ವರದ_ಮಣ್ಣು

ಅಕ್ಕ, ನೀವೇ ಒಂದು ಸಲ ಅಮ್ಮನಿಗೆ ಫೋನ್ ಮಾಡಿ ಹೇಳುತ್ತೀರಾ?